ಹಳೆಯ ಹಾಡುಗಳ ಋಣ

ಹಳೆಯ ಹಾಡು ಒಂದು ವಿಚಿತ್ರ ವಸ್ತು. ಹೊಸತಾಗಿದ್ದಾಗ ಅದನ್ನು ಕೇಳಿದ ಕಾಲ, ಕೇಳಿದ ಸ್ಥಳ, ಜೊತೆಗಿದ್ದ ಜನ, ಎಲ್ಲವನ್ನೂ ಅದು ತನ್ನೊಳಗೆ ಅಡಗಿಸಿಟ್ಟುಕೊಂಡಿರುತ್ತದೆ. ಮೂವತ್ತು ನಲವತ್ತು ವರ್ಷಗಳ ಬಳಿಕ ಎಲ್ಲಿಂದಲೋ ತೇಲಿಬಂದು ಕಿವಿಗೆ ಬಿದ್ದಾಗ ಅವೆಲ್ಲವನ್ನೂ ಒಮ್ಮೆಲೇ ನಮ್ಮ ಮುಂದೆ ಸುರಿದುಬಿಡುತ್ತದೆ. ಈ ಮಾಧುರ್ಯಕ್ಕಾಗಿ ಹಣ ತೆರಲು ಜನ ಸಿದ್ಧರಿರುವುದರಿಂದಲೇ ಹಳೆಯ ಹಾಡುಗಳ ಸಂಜೆಗಳು ಊರೂರುಗಳಲ್ಲಿ ನಡೆಯುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಮಾಧುರ್ಯದ ಆಸೆಯಿಂದ ಬಂದು ಕುಳಿತವರನ್ನು ಮೆಲ್ಲನೆ ಬೇರೊಂದೆಡೆಗೆ ಕರೆದೊಯ್ದ ಏಕವ್ಯಕ್ತಿ ರಂಗಪ್ರದರ್ಶನವೊಂದು ಕೆಲವು ವರ್ಷಗಳ ಹಿಂದೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನಡೆಯಿತು. ನಾವು ಅದನ್ನು ಕಂಡದ್ದು ಚಲನಚಿತ್ರದ ರೂಪದಲ್ಲಿ ಮಾತ್ರ. ಆದರೂ ಅದರ ಕುರಿತು ನಮ್ಮ ಓದುಗ ಕುಟುಂಬಗಳೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳಬೇಕೆಂಬ ಬಯಕೆ ನಮ್ಮಲ್ಲಿ ಬಹುಕಾಲದಿಂದ ಇದೆ.

ಪ್ರದರ್ಶನದ ಹೆಸರು 'ಸ್ಪ್ರಿಂಗ್‌ಸ್ಟೀನ್ ಆನ್ ಬ್ರಾಡ್‌ವೇ'. ಕಲಾವಿದರು ಬ್ರೂಸ್ ಸ್ಪ್ರಿಂಗ್‌ಸ್ಟೀನ್. 1949ರಲ್ಲಿ ನ್ಯೂಜೆರ್ಸಿ ರಾಜ್ಯದಲ್ಲಿ ಜನಿಸಿ, 1975ರ 'ಬಾರ್ನ್ ಟು ರನ್' ಎಂಬ ಧ್ವನಿಮುದ್ರಿಕೆಯಿಂದ ಖ್ಯಾತಿಗೆ ಬಂದು, 1984ರ 'ಬಾರ್ನ್ ಇನ್ ದ ಯುಎಸ್‌ಎ'ಯಿಂದ ಜಗತ್ತಿನ ಉದ್ದಗಲಕ್ಕೂ ಮನೆಮಾತಾದ ರಾಕ್ ಗಾಯಕರು ಇವರು. ಜನಸಾಗರ ತುಂಬಿದ ಕ್ರೀಡಾಂಗಣಗಳಲ್ಲಿ ತಮ್ಮ ವಾದ್ಯವೃಂದದೊಡನೆ ಮೂರು ಗಂಟೆಗಳ ಕಾಲ ಅಬ್ಬರಿಸುವುದು ಅವರ ರೂಢಿ. ಅಂಥವರು 2017ರ ಅಕ್ಟೋಬರ್ ತಿಂಗಳಲ್ಲಿ ಮ್ಯಾನ್‌ಹಟ್ಟನ್‌ನ 48ನೇ ಬೀದಿಯಲ್ಲಿರುವ, ಸಾವಿರಕ್ಕೂ ಕಡಿಮೆ ಆಸನಗಳ ವಾಲ್ಟರ್ ಕರ್ ರಂಗಮಂದಿರಕ್ಕೆ ಒಬ್ಬರೇ ಬಂದರು. ವೇದಿಕೆಯ ಮೇಲೆ ಗಿಟಾರು, ಪಿಯಾನೊ. ಹಿಂದೆ ಬರಿಯ ಇಟ್ಟಿಗೆಯ ಗೋಡೆ. ಮಂಗಳವಾರದಿಂದ ಶನಿವಾರದವರೆಗೆ ವಾರಕ್ಕೆ ಐದು ರಾತ್ರಿ ಪ್ರದರ್ಶನ. ಎಂಟು ವಾರಗಳಿಗೆಂದು ಗೊತ್ತುಮಾಡಿದ್ದು ಮತ್ತೆ ಮತ್ತೆ ವಿಸ್ತರಿಸಲ್ಪಟ್ಟು 2018ರ ಡಿಸೆಂಬರ್ 15ರವರೆಗೆ ನಡೆದು, ಒಟ್ಟು 236 ಪ್ರದರ್ಶನಗಳನ್ನು ಕಂಡಿತು. 2018ರಲ್ಲಿ ವಿಶೇಷ ಟೋನಿ ಪ್ರಶಸ್ತಿಯೂ ಅದಕ್ಕೆ ಸಂದಿತು. (ಆ ರಂಗಮಂದಿರಕ್ಕೆ ಹೆಸರು ಕೊಟ್ಟ ವಾಲ್ಟರ್ ಕರ್ ಎಂಬವರು ಪತ್ರಿಕೆಗಳ ನಾಟಕ ವಿಮರ್ಶಕರಾಗುವ ಮುನ್ನ ವಾಷಿಂಗ್ಟನ್ನಿನ ಕಥೋಲಿಕ ವಿಶ್ವವಿದ್ಯಾನಿಲಯದಲ್ಲಿ ರಂಗಕಲೆಯ ಅಧ್ಯಾಪಕರಾಗಿದ್ದರೆಂಬುದು ನಮ್ಮ ಓದುಗರಿಗೆ ರುಚಿಸಬಹುದಾದ ಸಂಗತಿ.)

ಹಾಡಿನ ನಡುವೆ ಕಥೆಯನ್ನೂ ಕಥೆಯ ನಡುವೆ ಹಾಡನ್ನೂ ಹೆಣೆಯುವ ಹರಿಕಥೆಯ ದಾಸರನ್ನು ಕಂಡ ನಮ್ಮ ಜನಕ್ಕೆ ಈ ಪ್ರಕಾರ ಅಪರಿಚಿತವೆನಿಸದು. ವ್ಯತ್ಯಾಸವಿಷ್ಟೇ: ಇಲ್ಲಿ ಕಥೆಯೂ ಹಾಡೂ ಒಬ್ಬನೇ ಮನುಷ್ಯನ ಬಾಳಿನವು. ಸ್ಪ್ರಿಂಗ್‌ಸ್ಟೀನರು 2016ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದ್ದರು. ಆ ಗ್ರಂಥದ ಭಾಗಗಳನ್ನು ಆಡುತ್ತ, ಅವುಗಳಿಗೆ ಒಪ್ಪುವ ಹದಿನೈದು ಹದಿನಾರು ಹಳೆಯ ಹಾಡುಗಳನ್ನು ಬಿಡಿಸಿ ಬಿಡಿಸಿ ಹಾಡುತ್ತ ಎರಡೂವರೆ ಗಂಟೆ ಕಳೆಯುತ್ತಾರೆ. ಅಬ್ಬರದ ವಾದ್ಯಗಳು ಕಳಚಿಬಿದ್ದ ಮೇಲೆ ಉಳಿಯುವುದು ಸಾಹಿತ್ಯ. ಹಿಂದೆ ಕುಣಿಯಲಷ್ಟೇ ನೆರವಾದ ಪದಗಳ ಅರ್ಥ ಈಗ ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತದೆ.

'ನಾಸ್ಟಾಲ್ಜಿಯ' ಎಂದು ಇಂದು ಎಲ್ಲರೂ ಹಗುರವಾಗಿ ಬಳಸುವ ಶಬ್ದದ ಹುಟ್ಟನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗದು. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಬಾಸೆಲ್ ನಗರದಲ್ಲಿ ಮಂಡಿಸಿದ ಪ್ರಬಂಧಕ್ಕಾಗಿ ಗ್ರೀಕ್ ಭಾಷೆಯ ಎರಡು ಪದಗಳನ್ನು ಜೋಡಿಸಿ ಅದನ್ನು ಸೃಷ್ಟಿಸಿದನು. ಒಂದಕ್ಕೆ ಮನೆಗೆ ಮರಳುವುದೆಂದೂ ಇನ್ನೊಂದಕ್ಕೆ ನೋವೆಂದೂ ಅರ್ಥ. ಪರದೇಶದಲ್ಲಿ ಕೂಲಿಗಾಗಿ ಕಾದಾಡುತ್ತಿದ್ದ ಸ್ವಿಸ್ ಯೋಧರನ್ನು ಕಾಡುವ ಕಾಯಿಲೆಯಾಗಿ ಅದು ಹೆಸರಾಯಿತು. ತಮ್ಮ ಬೆಟ್ಟಗಳಲ್ಲಿ ಗೋವಳರು ದನಗಳನ್ನು ಕರೆಯಲು ಹಾಡುವ ರಾಗ ಕೇಳಿದರೆ ಸಾಕು, ಈ ಯೋಧರು ಕಣ್ಣೀರಿಡುತ್ತಿದ್ದರು, ಪಾಳೆಯವನ್ನೇ ತೊರೆದು ಓಡುತ್ತಿದ್ದರು. ಆದುದರಿಂದ ದಂಡಿನಲ್ಲಿ ಆ ರಾಗಕ್ಕೆ ನಿಷೇಧವಿತ್ತು ಎಂದು ರೂಸೋ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಹಾಗಾದರೆ ಹಳೆಯ ಹಾಡಿನ ನೋವು ಮೊದಲು ಮನರಂಜನೆಯಾಗಿರಲಿಲ್ಲ. ಮನೆಯಿಂದ ದೂರವಿದ್ದವನ ರೋಗವಾಗಿತ್ತು. ನಮ್ಮ ಕಾಲದ ವ್ಯಾಪಾರ ನೋವನ್ನು ತೆಗೆದು ಸಿಹಿಯನ್ನು ಮಾತ್ರ ಉಳಿಸಿಕೊಂಡು ಮಾರುತ್ತಿದೆ. ನಾವು ಚರ್ಚಿಸುತ್ತಿರುವ ಪ್ರದರ್ಶನದ ವಿಶೇಷವೇನೆಂದರೆ, ಮಾರಾಟಕ್ಕೆ ಬಂದ ಆ ಸಿಹಿಯೊಳಗೆ ಹಳೆಯ ನೋವನ್ನು ಅದು ಮತ್ತೆ ಇರಿಸಿತು.

ಆರಂಭವೇ ಒಂದು ಬಗೆಯ ಪಾಪನಿವೇದನೆ. ತಾನು ಹುಟ್ಟಿ ಬೆಳೆದ ಕಡಲತೀರದ ಸೀಮೆಯಲ್ಲಿ ಎಲ್ಲಕ್ಕೂ ಸ್ವಲ್ಪ ಮೋಸದ ಲೇಪವಿತ್ತು, ತನಗೂ ಇದೆ ಎನ್ನುತ್ತಾರೆ ಸ್ಪ್ರಿಂಗ್‌ಸ್ಟೀನ್. ಕಾರ್ಖಾನೆಯ ಕೂಲಿಕಾರನ ದಣಿವನ್ನು ಹಾಡಿ ಕೋಟ್ಯಧೀಶನಾದ ತಾನು ಒಂದು ದಿನವೂ ಕಾರ್ಖಾನೆಯಲ್ಲಿ ದುಡಿದವನಲ್ಲ. ವಾರಕ್ಕೆ ಐದು ದಿನದ ಕೆಲಸವೆಂಬುದು ಈ ರಂಗಮಂದಿರಕ್ಕೆ ಬರುವವರೆಗೆ ತನಗೆ ಗೊತ್ತೇ ಇರಲಿಲ್ಲ. ಹೆದ್ದಾರಿಯ ಮೇಲೆ ಓಡುವ ಮೋಟಾರುಗಳ ಬಗ್ಗೆ ಹಾಡುಗಳನ್ನು ಕಟ್ಟಿದ ಕಾಲಕ್ಕೆ ತನಗೆ ಮೋಟಾರು ಓಡಿಸಲು ಸರಿಯಾಗಿ ಬರುತ್ತಿರಲಿಲ್ಲ. ಸಭಿಕರು ನಗುತ್ತಾರೆ. ನಗಬೇಕಾದುದೇ. ಆದರೆ ನಕ್ಕವರಿಗೆ ಒಂದು ಪ್ರಶ್ನೆ ಉಳಿಯುತ್ತದೆ: ಹಾಗಾದರೆ ಆ ದಣಿವು ಯಾರದು? ಹಾಡಿನಲ್ಲಿ ಮಾತನಾಡುತ್ತಿದ್ದವರು ಯಾರು?

ಅದು ಅವರ ತಂದೆಯ ದಣಿವು. ಡಗ್ಲಸ್ ಸ್ಪ್ರಿಂಗ್‌ಸ್ಟೀನ್ ಎಂಬವರು ಫ್ರೀಹೋಲ್ಡ್ ಎಂಬ ಸಣ್ಣ ಪಟ್ಟಣದಲ್ಲಿ ಕಂಬಳಿ ನೆಯ್ಯುವ ಕಾರ್ಖಾನೆಯಲ್ಲಿ, ಫೋರ್ಡ್ ಮೋಟಾರು ಘಟಕದಲ್ಲಿ, ಬಸ್ಸಿನ ಚಾಲಕರಾಗಿ, ಹೀಗೆ ಕೆಲಸದಿಂದ ಕೆಲಸಕ್ಕೆ ಹೊರಳಿದವರು. ಮಾತು ಬಹಳ ಕಡಿಮೆ. ಸಂಜೆ ಅಡುಗೆಮನೆಯ ದೀಪ ಆರಿಸಿ ಕತ್ತಲಲ್ಲಿ ಮದ್ಯದೊಡನೆ ಒಬ್ಬರೇ ಕುಳಿತಿರುತ್ತಿದ್ದರು. ಅವರನ್ನು ಮನೆಗೆ ಕರೆತರಲೆಂದು ಎಳೆಯ ಮಗನನ್ನು ತಾಯಿ ಪಾನಗೃಹಕ್ಕೆ ಕಳುಹಿಸುತ್ತಿದ್ದುದನ್ನು ಸ್ಪ್ರಿಂಗ್‌ಸ್ಟೀನರು ವೇದಿಕೆಯ ಮೇಲೆ ವರ್ಣಿಸುವ ರೀತಿ ಮರೆಯಲಾಗದ್ದು. ಮಗು ತಲೆಯೆತ್ತಿ ನೋಡುತ್ತದೆ. ಸುತ್ತಲೂ ಗಂಡಸರ ಕಾಲುಗಳು, ಬಿಯರಿನ ವಾಸನೆ, ದೈತ್ಯಾಕಾರದ ತಂದೆಯ ಬೆನ್ನು. ಆ ಬಾಗಿಲನ್ನು ದಾಟಲು ಹೆದರಿಕೆ, ದಾಟಲು ಸಿಕ್ಕಿತೆಂಬ ಹೆಮ್ಮೆ, ಎರಡೂ ಒಟ್ಟಿಗೆ. ಇಂಥ ಬಾಗಿಲುಗಳ ಮುಂದೆ ನಿಂತ ಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆಂಬುದನ್ನು ಬರೆಯದೆ ವಿಧಿಯಿಲ್ಲ.

ತಂದೆಯನ್ನು ಕಾಡುತ್ತಿದ್ದುದು ಮದ್ಯವೊಂದೇ ಅಲ್ಲ, ಮಾನಸಿಕ ಅಸ್ವಸ್ಥತೆ ಎಂಬುದು ಕುಟುಂಬಕ್ಕೆ ತಡವಾಗಿ ತಿಳಿಯಿತು. ಮಗನೂ ನಡುವಯಸ್ಸಿನ ನಂತರ ಗಾಢವಾದ ಖಿನ್ನತೆಯನ್ನು ಅನುಭವಿಸಿದ್ದನ್ನು ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ. ಮನಸ್ಸಿನ ಕಾಯಿಲೆಯನ್ನು ಮನೆಯ ಗೌರವಕ್ಕೆ ತಗಲಿದ ಕಳಂಕವೆಂದು ಬಚ್ಚಿಡುವವರು ಆ ಪುಟಗಳನ್ನು ಓದಬೇಕು. ಹಾಡು ಬರೆಯಲು ಕುಳಿತಾಗ ತನಗೆ ಬೇಕಾದ ಧ್ವನಿಯನ್ನು ಹುಡುಕಿಕೊಂಡು ಹೋದವರು ತಂದೆಯ ಕೆಲಸದ ಉಡುಪನ್ನೇ ತೊಟ್ಟರು. ಬದುಕಿನಲ್ಲಿ ಹತ್ತಿರ ಸುಳಿಯಗೊಡದ ತಂದೆಯ ಬಳಿಗೆ ಹೋಗಲು ಮಗನಿಗೆ ತೋರಿದ ದಾರಿ ಅದೊಂದೇ. ಹೀಗೆಂದ ಮೇಲೆ, 'ಮೋಸ' ಎಂದು ಮೊದಲು ಹೇಳಿದ ಮಾತಿನ ಬಣ್ಣವೇ ಬದಲಾಗುತ್ತದೆ.

ಈ ತಂದೆಮಗನ ಕಥೆಗೆ ಒಂದು ಬೆಳಗು ಬರುತ್ತದೆ. 1990ರಲ್ಲಿ ಸ್ಪ್ರಿಂಗ್‌ಸ್ಟೀನರು ತಾವೇ ಮೊದಲ ಮಗುವಿನ ತಂದೆಯಾಗಲಿದ್ದ ದಿನಗಳು. ಕ್ಯಾಲಿಫೋರ್ನಿಯದಲ್ಲೇ ನೆಲೆಸಿದ್ದ ವೃದ್ಧ ತಂದೆ ಮುನ್ಸೂಚನೆಯಿಲ್ಲದೆ ನೂರಾರು ಮೈಲಿ ಮೋಟಾರು ಓಡಿಸಿಕೊಂಡು ಲಾಸ್ ಏಂಜಲೀಸ್‌ನ ಮಗನ ಮನೆಗೆ ಬರುತ್ತಾರೆ. ಮೇಜಿನ ಎದುರು ಕುಳಿತು, ನೀನು ನಮ್ಮನ್ನು ಚೆನ್ನಾಗಿ ನೋಡಿಕೊಂಡೆ, ನಾನು ನಿನ್ನನ್ನು ಹಾಗೆ ನೋಡಿಕೊಳ್ಳಲಿಲ್ಲ ಎಂಬ ಅರ್ಥದ ಒಂದೆರಡು ಮಾತನ್ನಾಡುತ್ತಾರೆ. ಅಷ್ಟೆ. ಅಪ್ಪುಗೆ, ಕಣ್ಣೀರು, ಭಾಷಣ ಯಾವುದೂ ಇಲ್ಲ. ನಾಲ್ಕು ದಶಕಗಳ ಮೌನಕ್ಕೆ ಎರಡು ವಾಕ್ಯಗಳ ಪ್ರಾಯಶ್ಚಿತ್ತ. ತನ್ನ ತಪ್ಪು ಮಗನಲ್ಲಿ ಮರುಕಳಿಸಬಾರದೆಂದು ಎಚ್ಚರಿಸಲು ತಂದೆ ಬಂದಿದ್ದರೆಂದು ಮಗ ಅರ್ಥಮಾಡಿಕೊಳ್ಳುತ್ತಾರೆ. ತಂದೆತಾಯಿಗಳು ಮಕ್ಕಳ ಬಾಳಿನಲ್ಲಿ ಪ್ರೇತವಾಗಿ ಬೆನ್ನಟ್ಟಬಹುದು, ಇಲ್ಲವೇ ಪೂರ್ವಿಕರಾಗಿ ಜೊತೆಗೆ ನಡೆಯಬಹುದು ಎಂದು ಅವರು ಮಾಡುವ ಭೇದ ನಮ್ಮ ಜನರಿಗೆ ಬೇಗ ಹಿಡಿಯುವಂಥದು. ಡಗ್ಲಸ್ ಅವರು 1998ರಲ್ಲಿ ತೀರಿಕೊಂಡರು. ಆತ್ಮಕಥೆಯಲ್ಲಿ ಒಂದು ಕನಸಿನ ಪ್ರಸ್ತಾಪವಿದೆ: ಸತ್ತ ತಂದೆ ಸಭಾಂಗಣದಲ್ಲಿ ಪ್ರೇಕ್ಷಕರಾಗಿ ಕುಳಿತಿದ್ದಾರೆ, ಮಗ ಅವರ ಆಸನದ ಪಕ್ಕ ಮೊಣಕಾಲೂರಿ ವೇದಿಕೆಯ ಮೇಲೆ ಹಾಡುತ್ತಿರುವವನನ್ನು ತೋರಿಸಿ, ಅಲ್ಲಿರುವುದು ನೀವೇ, ನನ್ನ ಕಣ್ಣಿಗೆ ನೀವು ಕಾಣುವುದು ಹಾಗೆ ಎನ್ನುತ್ತಾನೆ.

ತಾಯಿ ಅಡೆಲ್ ಇಟಲಿ ಮೂಲದ ಮನೆತನದವರು. ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿನಿಯಾಗಿ ಒಂದು ದಿನವೂ ತಪ್ಪದೆ ದುಡಿದವರು. ಕಚೇರಿಯಿಂದ ತಾಯಿಯ ಕೈಹಿಡಿದು ಮನೆಗೆ ನಡೆದುಬರುವಾಗ ಆಕೆಯ ಪಾದರಕ್ಷೆಯ ಸದ್ದೇ ಮಗನಿಗೆ ಹೆಮ್ಮೆ. ನೃತ್ಯವೆಂದರೆ ಆಕೆಗೆ ಪ್ರಾಣ. ಪ್ರದರ್ಶನ ನಡೆಯುತ್ತಿದ್ದ ಕಾಲಕ್ಕೆ ತೊಂಬತ್ತು ದಾಟಿದ್ದ ಆ ತಾಯಿ ಆಲ್‌ಜೈಮರ್ ಕಾಯಿಲೆಯಿಂದ ಬಹಳಷ್ಟನ್ನು ಮರೆತಿದ್ದರು. ಸ್ಮರಣೆಯನ್ನೇ ಆಧರಿಸಿ ಕಟ್ಟಿದ ಪ್ರದರ್ಶನದ ನಡುವೆ ಸ್ಮರಣೆ ಕಳೆದುಕೊಂಡ ತಾಯಿಯೊಬ್ಬರು ಬಂದು ಕುಳಿತಂತೆ ಇದು. ಆದರೂ ಸಂಗೀತ ಕೇಳಿದೊಡನೆ ಆಕೆಯ ದೇಹ ಕುಣಿಯಲು ಹಾತೊರೆಯುತ್ತದೆ ಎಂದು ಮಗ ಹೇಳುತ್ತಾರೆ. ಹೇಳಿ, ತಾಯಿಗಾಗಿ ಬರೆದ ಹಾಡನ್ನು ಪಿಯಾನೊ ಮುಂದೆ ಕುಳಿತು ಹಾಡುತ್ತಾರೆ.

ಇನ್ನು 'ಬಾರ್ನ್ ಇನ್ ದ ಯುಎಸ್‌ಎ'. 1984ರಲ್ಲಿ ಬಾವುಟಗಳ ನಡುವೆ ಲಕ್ಷಾಂತರ ಜನ ಮುಷ್ಟಿಯೆತ್ತಿ ಕೂಗಿದ ಹಾಡು ಇದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರೇಗನ್ನರು ನ್ಯೂಜೆರ್ಸಿಯ ಚುನಾವಣಾ ಸಭೆಯಲ್ಲಿ ಈ ಗಾಯಕನ ಹೆಸರನ್ನೆತ್ತಿ, ಅವನ ಹಾಡುಗಳಲ್ಲಿ ಆಶಾವಾದದ ಸಂದೇಶವಿದೆಯೆಂದು ಹೊಗಳಿದ್ದರು. ಹಾಡಿನ ಒಳಗಿರುವುದಾದರೋ ವಿಯೆಟ್ನಾಂ ಯುದ್ಧದಿಂದ ಮರಳಿ ಕೆಲಸ ಸಿಗದೆ ಅಲೆಯುವ ಯೋಧನೊಬ್ಬನ ಸಂಕಟ. ಪಲ್ಲವಿಯನ್ನು ಮಾತ್ರ ಕೇಳಿ ಚರಣಗಳನ್ನು ಕೇಳದವರ ಪಾಡು ಹೀಗೆಯೇ. (ನಮ್ಮ ಭಕ್ತಿಗೀತೆಗಳಿಗೂ ಇದೇ ಗತಿ ಬರುವುದುಂಟು.) ಬ್ರಾಡ್‌ವೇ ವೇದಿಕೆಯ ಮೇಲೆ ಅವರು ಈ ಹಾಡಿನ ಮೆರವಣಿಗೆಯ ತಾಳವನ್ನೇ ಕಿತ್ತೊಗೆದರು. ಗಿಟಾರಿನ ತಂತಿಗಳನ್ನು ಗೋಳಾಡಿಸಿ, ಕೊನೆಗೆ ಅದನ್ನೂ ನಿಲ್ಲಿಸಿ, ಬರಿಯ ಕಂಠದಿಂದ ಪದಗಳನ್ನು ಒಂದೊಂದಾಗಿ ಉಚ್ಚರಿಸುತ್ತಾರೆ. ಮುಷ್ಟಿಯೆತ್ತಲು ಯಾರಿಗೂ ಮನಸ್ಸು ಬಾರದು.

ಅದಕ್ಕೂ ಮುನ್ನ ಹೇಳುವ ಸಂಗತಿ ಇನ್ನೂ ಭಾರವಾದುದು. ಅವರ ಮೊದಲ ವಾದ್ಯವೃಂದದಲ್ಲಿ ಡ್ರಮ್ ಬಾರಿಸುತ್ತಿದ್ದ ಬಾರ್ಟ್ ಹೇನ್ಸ್ 1967ರಲ್ಲಿ ವಿಯೆಟ್ನಾಂನಲ್ಲಿ ಮಡಿದನು. ಆ ಸೀಮೆಯ ಯುವಕರೆಲ್ಲ ಆರಾಧಿಸುತ್ತಿದ್ದ ಗಾಯಕ ವಾಲ್ಟರ್ ಸಿಕಾನ್ 1968ರಲ್ಲಿ ಅಲ್ಲೇ ಕಣ್ಮರೆಯಾದನು. ಮರುವರ್ಷ ಹತ್ತೊಂಬತ್ತರ ಹರೆಯದ ಸ್ಪ್ರಿಂಗ್‌ಸ್ಟೀನರಿಗೂ ಸೈನ್ಯದ ಕರೆ ಬಂತು. ಅವರು ಮತ್ತು ಗೆಳೆಯರು ಉಪಾಯ ಹೂಡಿ ತಪ್ಪಿಸಿಕೊಂಡರು. ಐವತ್ತು ವರ್ಷಗಳ ಬಳಿಕ, ಸಮಸ್ತ ಕೀರ್ತಿ ಸಂಪತ್ತುಗಳನ್ನು ಪಡೆದ ಮೇಲೆ, ತನ್ನ ಬದಲಿಗೆ ಹೋದವನು ಯಾರಿರಬಹುದೆಂದು ಅವರು ಜನರೆದುರು ಕೇಳಿಕೊಳ್ಳುತ್ತಾರೆ. ಯಾರೋ ಒಬ್ಬನು ಹೋಗಿಯೇ ಇದ್ದಾನಲ್ಲ! ವಾಷಿಂಗ್ಟನ್ನಿನ ಸ್ಮಾರಕದ ಕಪ್ಪು ಶಿಲೆಯ ಮೇಲೆ 58,000ಕ್ಕೂ ಮಿಕ್ಕಿ ಹೆಸರುಗಳಿವೆ. ಆ ಹೆಸರುಗಳಲ್ಲಿ ಒಂದು ತನ್ನ ಪಾಲಿನದಾಗಿರಬಹುದು, ಯಾವುದೆಂದು ಗೊತ್ತಿಲ್ಲ. ಒಬ್ಬರ ಬದಲಿಗೆ ಇನ್ನೊಬ್ಬರು ಸಾಯುವುದೆಂಬ ವಿಚಾರ ಕ್ರೈಸ್ತರಾದ ನಮಗೆ ಪರಿಚಿತ. ಎಷ್ಟು ಪರಿಚಿತವೆಂದರೆ, ಅದರ ಭಾರ ನಮ್ಮ ಹೆಗಲಿಗೆ ತಟ್ಟುವುದೇ ಅಪರೂಪವಾಗಿದೆ. ನೆನಪಿನ ಸಿಹಿಗಾಗಿ ಬಂದ ಪ್ರೇಕ್ಷಕ ಇಲ್ಲಿ ಋಣದ ಮುಂದೆ ನಿಲ್ಲಬೇಕಾಗುತ್ತದೆ. ಅವನ ಹರೆಯದ ಹಾಡುಗಳು ಯಾರ ದಣಿವಿನಿಂದ, ಯಾರ ಸಾವಿನಿಂದ, ಯಾರ ಮೌನದಿಂದ ಹುಟ್ಟಿದವೋ ಅವರೆಲ್ಲ ಸಾಲಾಗಿ ಬಂದು ನಿಂತಿದ್ದಾರೆ.

ನಡುನಡುವೆ ಹಗುರವಾದ ಗಳಿಗೆಗಳೂ ಉಂಟು. 2011ರಲ್ಲಿ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಕ್ಲಾರೆನ್ಸ್ ಕ್ಲೆಮನ್ಸರನ್ನು ಸ್ಮರಿಸುವ ಭಾಗದಲ್ಲಿ, ನಿಜವಾದ ವಾದ್ಯವೃಂದದಲ್ಲಿ ಒಂದು ಮತ್ತು ಒಂದು ಸೇರಿ ಮೂರಾಗುತ್ತದೆ ಎನ್ನುತ್ತಾರೆ. ಗುರುಮಠದಲ್ಲಿ ಪವಿತ್ರ ತ್ರಿತ್ವದ ಪಾಠದೊಡನೆ ಹೆಣಗಾಡಿದ ಯಾರಿಗಾದರೂ ಈ ಲೆಕ್ಕ ಕೇಳಿ ನಗೆ ಬರದಿರದು. ಏಕವ್ಯಕ್ತಿ ಪ್ರದರ್ಶನವೆಂದರೂ ಎರಡು ಹಾಡುಗಳಿಗೆ ಪತ್ನಿ ಪ್ಯಾಟಿ ಸ್ಕಿಯಾಲ್ಫಾ ಜೊತೆಗೂಡುತ್ತಾರೆ. ಒಂದು ಹಾಡು ದಾಂಪತ್ಯದ ದೃಢತೆಯದು, ಇನ್ನೊಂದು ದಾಂಪತ್ಯದೊಳಗಿನ ಸಂಶಯದ್ದು. ಇಬ್ಬರೂ ಜೊತೆಯಾಗಿ ಎರಡನ್ನೂ ಹಾಡುತ್ತಾರೆ.

ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಸಂತ ಅಗಸ್ಟೀನರ ನೆನಪು ಬಾರದಿರದು. ತಮ್ಮ 'ಕನ್ಫೆಷನ್ಸ್' ಗ್ರಂಥದ ಹತ್ತನೆಯ ಭಾಗದಲ್ಲಿ ಅವರು ಸ್ಮರಣಶಕ್ತಿಯನ್ನು ವಿಶಾಲವಾದ ಅರಮನೆಗೆ ಹೋಲಿಸಿದ್ದಾರೆ. ಹನ್ನೊಂದನೆಯ ಭಾಗದಲ್ಲಿ ಕಾಲವೆಂದರೇನೆಂದು ವಿವರಿಸಲು ಅವರು ಆರಿಸಿಕೊಂಡ ದೃಷ್ಟಾಂತ ಯಾವುದು? ಬಾಯಿಪಾಠ ಬರುವ ಒಂದು ಕೀರ್ತನೆ. ಹಾಡಲು ತೊಡಗುವ ಮುನ್ನ ಇಡೀ ಹಾಡು ನಿರೀಕ್ಷೆಯಲ್ಲಿದೆ. ಹಾಡುತ್ತ ಹೋದಂತೆ ಅದರ ಒಂದೊಂದು ತುಣುಕೂ ನಿರೀಕ್ಷೆಯಿಂದ ಸ್ಮರಣೆಗೆ ಸರಿಯುತ್ತದೆ. ಮುಗಿದಾಗ ಎಲ್ಲವೂ ಸ್ಮರಣೆ. ಒಂದು ಹಾಡಿಗೆ ನಿಜವಾದುದು ಮನುಷ್ಯನ ಇಡೀ ಬಾಳಿಗೂ ನಿಜ ಎಂದು ಅವರು ಮುಂದುವರಿಸುತ್ತಾರೆ. ಅಗಸ್ಟೀನರೂ ಹಳೆಯದನ್ನು ನೆನೆದದ್ದು ಚಪ್ಪರಿಸುವುದಕ್ಕಾಗಿ ಅಲ್ಲ. ದೇವರ ಮುಂದೆ ತಮ್ಮ ಲೆಕ್ಕವನ್ನು ಒಪ್ಪಿಸುವುದಕ್ಕಾಗಿ. ಸ್ಪ್ರಿಂಗ್‌ಸ್ಟೀನರು ಸಂತರಲ್ಲ, ಹಾಗೆಂದು ಅವರು ಹೇಳಿಕೊಂಡೂ ಇಲ್ಲ. ಆದರೆ ಅವರ ಪ್ರದರ್ಶನದ ರೂಪ ಈ ಹಳೆಯ ದಾರಿಯದೇ.

ಇನ್ನೊಂದು ಮಾತು. 236 ರಾತ್ರಿ ಹೆಚ್ಚುಕಡಿಮೆ ಅದೇ ಮಾತು, ಅದೇ ಹಾಡು, ಅದೇ ಮೌನ. ಬರೆದಿಟ್ಟ ಮಾತನ್ನೇ ಪ್ರತಿ ರಾತ್ರಿ ಆಡುವುದು ಪ್ರಾಮಾಣಿಕವೇ ಎಂದು ಕೆಲವರು ಕೇಳಬಹುದು. ದಿನವೂ ಅದೇ ಶಬ್ದಗಳಿಂದ ಬಲಿಪೂಜೆಯನ್ನು ಅರ್ಪಿಸುವ ನಮಗೆ ಈ ಪ್ರಶ್ನೆ ಹೊಸದಲ್ಲ. ಶಬ್ದ ಸ್ಥಿರವಾಗಿರುವುದರಿಂದಲೇ ಅದನ್ನು ಉಚ್ಚರಿಸುವವನು ಅದರೊಳಗೆ ಇಳಿಯಲು ಸಾಧ್ಯವಾಗುತ್ತದೆ. ಪ್ರತಿದಿನ ಇಳಿಯುತ್ತಾನೆಯೇ ಎಂಬುದು ಬೇರೆ ಮಾತು.

ಪ್ರದರ್ಶನದ ಕೊನೆಯ ಭಾಗಕ್ಕೆ ಬರೋಣ. ಫ್ರೀಹೋಲ್ಡಿನಲ್ಲಿ ಸ್ಪ್ರಿಂಗ್‌ಸ್ಟೀನರ ಬಾಲ್ಯದ ಮನೆಯಿದ್ದುದು ಲೀಮಾದ ಸಂತ ರೋಸಾ ದೇವಾಲಯದ ನೆರಳಿನಲ್ಲಿ. ಗುರುಗಳ ನಿವಾಸ, ಧರ್ಮಭಗಿನಿಯರ ಮಠ, ಶಾಲೆ ಎಲ್ಲವೂ ಅಲ್ಲೇ. ಮದುವೆಯ ಅಕ್ಕಿಯೂ ಶವಪೆಟ್ಟಿಗೆಯ ಹೂವೂ ಆ ಮಕ್ಕಳ ಆಟದ ಸಾಮಗ್ರಿ. ಬ್ರೂಸ್ ಆ ಶಾಲೆಯಲ್ಲಿ ಓದಿದರು, ಪೀಠಬಾಲಕರೂ ಆಗಿದ್ದರು. ಶಾಲೆಯಲ್ಲಿ ಅನುಭವಿಸಿದ ಕಾಠಿಣ್ಯವನ್ನು ಅವರು ಮರೆತಿಲ್ಲ, ಬರೆದೂ ಇದ್ದಾರೆ. ಧರ್ಮೋಪದೇಶ ಕೈಕೊಳ್ಳುವವರು ಅದನ್ನು ಓದಿ ತಲೆ ತಗ್ಗಿಸುವುದರಲ್ಲಿ ಅವಮಾನವೇನಿಲ್ಲ. ಮನೆಯ ಮುಂದೆ ಭಾರಿ ಗಾತ್ರದ ಬೀಚ್ ಮರವೊಂದಿತ್ತು. ಬಾಲಕ ಅದರ ಕೊಂಬೆಗಳಲ್ಲೇ ಬೆಳೆದನು. ಬಹಳ ವರ್ಷಗಳ ಮೇಲೆ ಒಂದು ಸಂಜೆ ಅವರು ಆ ಬೀದಿಗೆ ಹೋದಾಗ ಮರವಿಲ್ಲ, ಕಡಿದುಹಾಕಿದ್ದಾರೆ. ಬೇರುಗಳು ಮಾತ್ರ ಮಣ್ಣಿನಲ್ಲಿ ಉಳಿದಿವೆ. ಅಲ್ಲಿ ನಿಂತಾಗ, ಸತ್ತವರೂ ಸೇರಿದಂತೆ ತನ್ನವರೆಲ್ಲ ಆ ಗಾಳಿಯಲ್ಲಿ ಇದ್ದಾರೆಂದು ತೋರಿತಂತೆ. ಆಗ ಬಾಯಿಗೆ ಬಂದದ್ದು ಬಾಲ್ಯದಲ್ಲಿ ಶಾಲೆಯ ಸಮವಸ್ತ್ರ ತೊಟ್ಟು, ಬೇಸರದ ರಾಗದಲ್ಲಿ, ಅರ್ಥದ ಪರಿವೆಯಿಲ್ಲದೆ ಸಾವಿರಾರು ಸಲ ಗುನುಗಿದ ಶಬ್ದಗಳು.

ಬ್ರಾಡ್‌ವೇಯ ವೇದಿಕೆಯ ಮೇಲೆ, ಗಿಟಾರನ್ನು ಸುಮ್ಮನಿರಿಸಿ, ಪ್ರಭು ಕಲಿಸಿದ ಪ್ರಾರ್ಥನೆಯನ್ನು ಅವರು ಆದಿಯಿಂದ ಅಂತ್ಯದವರೆಗೆ ಹೇಳುತ್ತಾರೆ. ಹಾಡುವುದಿಲ್ಲ, ಹೇಳುತ್ತಾರೆ. ಪ್ರೇಕ್ಷಕರಲ್ಲಿ ಯೆಹೂದ್ಯರಿದ್ದರು, ನಾಸ್ತಿಕರಿದ್ದರು, ಪ್ರಾರ್ಥನೆಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಕಥೋಲಿಕರಂತೂ ಇದ್ದೇ ಇದ್ದರು. ಅದುವರೆಗೆ ತಂದೆ, ತಾಯಿ, ಸತ್ತ ಗೆಳೆಯರು ಎಂದು ಒಬ್ಬೊಬ್ಬರ ಲೆಕ್ಕವನ್ನೂ ತೆರೆದಿಟ್ಟ ಮೇಲೆ ಬರುವ ಆ ಪ್ರಾರ್ಥನೆಯಲ್ಲಿ ಕ್ಷಮೆಯ ಬೇಡಿಕೆ ಬರುವ ಜಾಗ ನಮ್ಮನ್ನು ತಡೆದು ನಿಲ್ಲಿಸಿತು. ಸಂತ ಮತ್ತಾಯನ ಗ್ರೀಕ್ ಮೂಲದಲ್ಲಿ ಆ ಸ್ಥಾನದಲ್ಲಿರುವ ಶಬ್ದಕ್ಕೆ ನೇರವಾದ ಅರ್ಥ ಸಾಲ, ಋಣ ಎಂದು. ಸಂತ ಲೂಕನು ಅಲ್ಲಿ ಪಾಪ ಎಂಬ ಶಬ್ದವನ್ನು ಬಳಸಿದ್ದಾನೆ. ಎರಡೂ ಶಬ್ದಗಳು ಆ ಕತ್ತಲ ಮಂದಿರದಲ್ಲಿ ಒಟ್ಟಿಗೆ ಕೇಳಿಸಿದಂತಾಯಿತು. ಪ್ರಾರ್ಥನೆ ಮುಗಿದೊಡನೆ ಅವರು 'ಬಾರ್ನ್ ಟು ರನ್' ಹಾಡಿಗೆ ಕೈಹಾಕುತ್ತಾರೆ. ಊರು ಬಿಟ್ಟು ಓಡುವ ಯುವಕನ ಹಾಡು ಅದು. ಓಡಿಹೋದವನು ಕೊನೆಗೆ ತನ್ನ ಊರಿನಿಂದ ಹೆಚ್ಚು ದೂರವಿಲ್ಲದ ಜಾಗದಲ್ಲೇ ಮನೆ ಮಾಡಿದ್ದಾನೆಂಬುದನ್ನು ಅವರು ಆ ಮೊದಲೇ ನಗುತ್ತ ಒಪ್ಪಿಕೊಂಡಿರುತ್ತಾರೆ.

ಇಷ್ಟು ಕೇಳಿ, ಅಂತೂ ಅವರು ನಮ್ಮವರೇ ಎಂದು ಬೀಗುವ ಚಪಲ ನಮ್ಮಲ್ಲಿ ಕೆಲವರಿಗೆ ಬರಬಹುದು. ಅದು ಬೇಡ. ಅವರು ನಿಯತವಾಗಿ ಪೂಜೆಗೆ ಬರುವ ಕಥೋಲಿಕರಲ್ಲ. ಆದರೆ ಹುಟ್ಟಿದ ಧರ್ಮದ ತಂಡದಿಂದ ತಾನು ಹೊರಬಿದ್ದಿಲ್ಲ ಎಂಬ ಅರ್ಥದ ಮಾತನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಗುರುವೂ ಸಮಾಜಶಾಸ್ತ್ರಜ್ಞರೂ ಆಗಿದ್ದ ಆಂಡ್ರ್ಯೂ ಗ್ರೀಲಿ 1988ರಷ್ಟು ಹಿಂದೆಯೇ ಯೇಸುಸಭೆಯವರ 'ಅಮೆರಿಕ' ಪತ್ರಿಕೆಯಲ್ಲಿ ಸ್ಪ್ರಿಂಗ್‌ಸ್ಟೀನರ ಕಥೋಲಿಕ ಕಲ್ಪನಾಶಕ್ತಿಯನ್ನು ಕುರಿತು ಲೇಖನ ಬರೆದಿದ್ದರು. ನದಿ, ನೀರು, ಕತ್ತಲು, ಬಿಡುಗಡೆ ಮುಂತಾದ ಪ್ರತಿಮೆಗಳು ಅವರ ಹಾಡುಗಳೊಳಗೆ ಅವರಿಗೇ ಅರಿವಿಲ್ಲದಂತೆ ಹರಿದುಬಂದಿರುವುದು ನಿಜ. ಪೂಜೆಗೆ ಬಾರದ ಮಗನೋ ಮಗಳೋ ಇರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಬಾಯಿಪಾಠದ ಜಪಗಳನ್ನು ಮಕ್ಕಳಿಗೆ ಕಲಿಸಿ ಏನು ಪ್ರಯೋಜನ, ಅರ್ಥ ತಿಳಿಯದೆ ಗಿಳಿಯಂತೆ ಒಪ್ಪಿಸುತ್ತವೆ ಎಂದು ಈಗಿನ ವಿದ್ಯಾವಂತ ತಾಯ್ತಂದೆಯರು ಕೇಳುವುದುಂಟು. ಅರವತ್ತೆಂಟನೆಯ ವಯಸ್ಸಿನಲ್ಲಿ, ಕಡಿದ ಮರದ ಬುಡದ ಕಥೆ ಹೇಳುತ್ತ, ಅಷ್ಟು ಪ್ರತಿಭಾವಂತನಾದ ಪದರಚನೆಕಾರನಿಗೂ ತನ್ನದೇ ಪದಗಳು ಸಾಲದೆ ಹೋದಾಗ ಉಪಯೋಗಕ್ಕೆ ಬಂದದ್ದು ಆ ಗಿಳಿಪಾಠವೇ. ಅರ್ಥ ಅಷ್ಟು ತಡವಾಗಿಯೂ ಬರಬಹುದು. ಬರುತ್ತದೆಂಬ ಭರವಸೆಯನ್ನು ನಾವು ಕೊಡಲಾರೆವು. ಶಬ್ದಗಳೇ ಇಲ್ಲದವನಿಗೆ ಅದು ಎಲ್ಲಿಂದ ಬರಬೇಕು ಎಂದಷ್ಟೇ ಕೇಳಬಲ್ಲೆವು.

ಆಕ್ಷೇಪಿಸಬೇಕಾದುದೂ ಇದೆ. ಟಿಕೆಟ್ಟಿನ ಬೆಲೆ 75 ಡಾಲರಿನಿಂದ 850 ಡಾಲರಿನವರೆಗೆ. ಅಗ್ಗದ ಟಿಕೆಟ್ಟುಗಳು ಕೆಲವೇ ಕೆಲವರಿಗೆ ಚೀಟಿ ಎತ್ತುವ ಮೂಲಕ ದೊರೆಯುತ್ತಿದ್ದವು. ಒಟ್ಟು ಸಂಗ್ರಹ 11 ಕೋಟಿ ಡಾಲರಿಗೂ ಮಿಕ್ಕಿತು. ಕಂಬಳಿ ಕಾರ್ಖಾನೆಯ ಕೂಲಿಕಾರನ ದಣಿವನ್ನು ಕೇಳಲು ಇಷ್ಟು ಬೆಲೆ! ಆ ಕೂಲಿಕಾರನೇ ಬದುಕಿದ್ದರೆ ಒಳಗೆ ಬರುವುದು ಕಷ್ಟವಿತ್ತು. ಮೋಸದ ಲೇಪ ತನಗೂ ಇದೆಯೆಂದು ಕಲಾವಿದರು ಮೊದಲೇ ಹೇಳಿಕೊಂಡದ್ದರಿಂದ ಈ ಆಕ್ಷೇಪ ತೀರಿಹೋಗದು. ಮುಕ್ತಾಯದ ಮರುದಿನ, 2018ರ ಡಿಸೆಂಬರ್ 16ರಂದು, ನೆಟ್‌ಫ್ಲಿಕ್ಸ್ ಮೂಲಕ ಅದೇ ಪ್ರದರ್ಶನದ ಚಿತ್ರೀಕರಣ ಬಿಡುಗಡೆಯಾದದ್ದರಿಂದ ನಮ್ಮಂಥವರಿಗೂ ನೋಡಲು ಸಾಧ್ಯವಾಯಿತು. ನೋಡಬಯಸುವ ಕುಟುಂಬಗಳಿಗೆ ಒಂದು ಸೂಚನೆ: ಒರಟು ಮಾತುಗಳು ಅಲ್ಲಲ್ಲಿ ಬರುತ್ತವೆ. ಎಳೆಯ ಮಕ್ಕಳನ್ನು ಮಲಗಿಸಿ ಹಿರಿಯರು ನೋಡುವುದು ಒಳಿತು. ಬೆಳೆದ ಮಗನೊಬ್ಬನು ತಂದೆಯ ಜೊತೆಯಲ್ಲಿ ಕುಳಿತು ನೋಡಿದರೆ ಇನ್ನೂ ಒಳಿತು.

ಕೋವಿಡ್ ಮಹಾಮಾರಿಯಿಂದ 2020ರ ಮಾರ್ಚಿನಲ್ಲಿ ಮುಚ್ಚಿದ ಬ್ರಾಡ್‌ವೇ ಮತ್ತೆ ಬಾಗಿಲು ತೆರೆದಾಗ ಮೊದಲು ಬಂದದ್ದು ಇದೇ ಪ್ರದರ್ಶನ. 2021ರ ಜೂನ್ 26ರಿಂದ ಸೆಪ್ಟೆಂಬರ್ 4ರವರೆಗೆ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ನಡೆಯಿತು. ಜಗತ್ತಿನ ತುಂಬ ಎಷ್ಟೋ ಮನೆಗಳಲ್ಲಿ ಆಸನಗಳು ಖಾಲಿಯಾಗಿದ್ದ ಆ ದಿನಗಳಲ್ಲಿ ಅವರು ಮುಕ್ತಾಯವನ್ನು ಬದಲಿಸಿದರು. ಓಡುವ ಯುವಕನ ಹಾಡಿನ ಬದಲಿಗೆ, ಅಗಲಿದವರನ್ನು ಕನಸಿನಲ್ಲಿ ಮತ್ತೆ ಕಾಣುವ ಕುರಿತು 2020ರಲ್ಲಿ ಹೊರತಂದ ಹಾಡು ಬಂತು.

ತಾಯಿ ಅಡೆಲ್ ಅವರು 2024ರ ಜನವರಿ 31ರಂದು, ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿಯನ್ನು ತಿಳಿಸುವಾಗ ಮಗ ಜನರ ಮುಂದಿಟ್ಟದ್ದು ಒಂದು ಪುಟ್ಟ ಚಿತ್ರಮುದ್ರಿಕೆ. ಅದರಲ್ಲಿ ಗ್ಲೆನ್ ಮಿಲ್ಲರ್ ವಾದ್ಯವೃಂದದ ಹಳೆಯ ರಾಗಕ್ಕೆ ಮುದಿ ತಾಯಿಯೂ ಮುದಿಯಾಗುತ್ತಿರುವ ಮಗನೂ ಕೈಹಿಡಿದು ಕುಣಿಯುತ್ತಿದ್ದಾರೆ.